ಮಿಸ್ ಹೇಳಿದ್ದು, ಸಾರ್

ನಮ್ಮ ಕಾಲೇಜಿನವರು ಇವತ್ತಿಗೂ ಹೇಳಿಕೊಂಡು ನಗುವ ಒಂದು ಕಥೆಯಿದೆ. ಅದರಲ್ಲಿ ನಾನು ಹೀರೋ. ಕಥೆ ಸುಳ್ಳಲ್ಲ, ಆದರೆ ಅದರಲ್ಲಿ ಮಿಸ್ ಇಲ್ಲ. ಅವರನ್ನು ಬಿಟ್ಟು ಹೇಳಿದರೆ ಅದು ನನ್ನ ಗೆಲುವು. ಸೇರಿಸಿ ಹೇಳಿದರೆ ಏನಾಗುತ್ತದೆ ಎಂದು ಯಾರೂ ನೋಡಲು ಹೋಗಿಲ್ಲ.

ಹೋದ ವಾರ ಮಾರೇನಹಳ್ಳಿಯ ಜೋಳದ ರೊಟ್ಟಿ ಹೋಟೆಲಿನಲ್ಲಿ ಕೂತಿದ್ದೆವು. ಕಾಲೇಜಿನ ಗೆಳೆಯ ತನ್ನ ಆಫೀಸಿನವನೊಬ್ಬನಿಗೆ ನನ್ನನ್ನು ತೋರಿಸಿ, "ಗುರು, ಎಚ್‌ಓಡಿ ಬಾಯಿ ಮುಚ್ಚಿಸಿದ ಗಿರಾಕಿ ಇವ್ನೇ. ಇವನ ಹತ್ರ ಉಪ್ಪು ಕಮ್ಮಿ ಅಂತಾನೂ ಹೇಳ್ಬೇಡ, ಪ್ರೂಫ್ ಕೇಳ್ತಾನೆ," ಎಂದ. ಅಷ್ಟರಲ್ಲಿ ಬಡಿಸುವವರು ಶೇಂಗಾ ಚಟ್ನಿಪುಡಿಯ ಡಬ್ಬಿ ತೆರೆದರು. ಹುರಿದ ಶೇಂಗಾ, ಬೆಳ್ಳುಳ್ಳಿ, ಒಣಮೆಣಸಿನಕಾಯಿ... ಸ್ಟಾಫ್‌ರೂಮಿನ ಕಿಟಕಿ ಪಕ್ಕದ ಮೇಜು ಹಾಗೇ ಎದುರಿಗೆ ಬಂದು ನಿಂತಿತು. ಅವರಿಬ್ಬರೂ ನಗುತ್ತಿದ್ದರು. ನನಗೆ ತಲೆ ಎತ್ತಲಾಗಲಿಲ್ಲ.

ಮಿಸ್ ಧಾರವಾಡದ ಕಡೆಯವರು. ನಮಗೆ ಕನ್ನಡ ಪಾಠ ಹೇಳುತ್ತಿದ್ದರು, ಚರ್ಚಾಸ್ಪರ್ಧೆಗೆ ತಯಾರು ಮಾಡುತ್ತಿದ್ದರು. ಅತಿಥಿ ಉಪನ್ಯಾಸಕಿ. ಅಂದರೆ ಮುಂದಿನ ವರ್ಷ ಅವರು ಇರುತ್ತಾರೋ ಇಲ್ಲವೋ ಎಂಬುದು ಪ್ರತಿ ವರ್ಷವೂ ಎಚ್‌ಓಡಿಗಳಂಥ ಹಿರಿಯರ ಮರ್ಜಿಗೆ ಬಿಟ್ಟದ್ದು. ನಾವು ವೇದಿಕೆ ಹತ್ತುವ ಮುಂಚೆ ಒಂದೇ ಮಾತು ಹೇಳುತ್ತಿದ್ದರು: "ಯಾರು ಹೇಳಿದ್ದಂತ ಹೇಳು. ಇಲ್ಲಂದ್ರ ಬಾಯಿ ಮುಚ್ಕೊಂಡ ಕೂಡು." ಆಧಾರವಿಲ್ಲದ ಮಾತನ್ನು ಅವರು ಮಾತೆಂದೇ ಎಣಿಸುತ್ತಿರಲಿಲ್ಲ. ನಾನು ವಾದ ಕಲಿತದ್ದೇ ಹಾಗೆ.

ಕಾಲೇಜಿನಲ್ಲಿ ವರ್ಷಕ್ಕೊಮ್ಮೆ ಪದವಿ ವಿದ್ಯಾರ್ಥಿಗಳ ಅತ್ಯುತ್ತಮ ಬರಹಕ್ಕೆ ಬಹುಮಾನ ಕೊಡುತ್ತಿದ್ದರು. ಯಾವ ವಿಭಾಗದವರಾದರೂ ತಮ್ಮ ವಿಷಯದ ಬಗ್ಗೆ ಬರೆಯಬಹುದು. ಕೊನೆಯ ವರ್ಷ ನಾನು ಆಯ್ಕೆ ಸಮಿತಿಯಲ್ಲಿ ವಿದ್ಯಾರ್ಥಿ ಪ್ರತಿನಿಧಿಯಾಗಿದ್ದೆ. ಮಿಸ್ ಕೂಡ ಸಮಿತಿಯಲ್ಲಿದ್ದರು. ಬಂದ ಬರಹಗಳಲ್ಲಿ ಒಂದು, ಫಿಸಿಕ್ಸ್ ಓದುತ್ತಿದ್ದ ಹುಡುಗಿಯದು, ಕಂಪನದ ಬಗ್ಗೆ. ದೀಪಾಂಜಲಿ ನಗರದಲ್ಲಿ ಅವಳ ಮನೆ. ಕಿವಿ ಕೇಳದ ಅಪ್ಪ ಗೋಡೆಗೆ ಅಂಗೈ ಇಟ್ಟು, ಉಳಿದವರಿಗೆ ಸದ್ದು ಮುಟ್ಟುವ ಮೊದಲೇ ಮೆಟ್ರೋ ಬಂತೆಂದು ಸನ್ನೆ ಮಾಡುತ್ತಾರೆ. ಅಲ್ಲಿಂದ ಶುರುವಾದ ಬರಹ ಎಲ್ಲೂ ಕಣ್ಣೀರು ಕೇಳದೆ, ಫಿಸಿಕ್ಸನ್ನೂ ಬಿಡದೆ ಕೊನೆಮುಟ್ಟುತ್ತಿತ್ತು. ಅದನ್ನು ಓದಿ ಮುಗಿಸಿದ ಮಿಸ್ ಕನ್ನಡಕ ಒರೆಸಿಕೊಂಡು ಮತ್ತೆ ಮೊದಲ ಪುಟಕ್ಕೆ ತಿರುಗಿದ್ದರು.

ಸಭೆಗೆ ಮುಂಚೆ ಸ್ಟಾಫ್‌ರೂಮಿನಲ್ಲಿ, ಕಿಟಕಿ ಪಕ್ಕದ ತಮ್ಮ ಮೇಜಿನ ಹತ್ತಿರ ನನ್ನನ್ನು ಊಟಕ್ಕೆ ಕೂರಿಸಿಕೊಂಡರು. ರೊಟ್ಟಿಯ ಮೇಲೆ ಚಟ್ನಿಪುಡಿ ಹಾಕಿ, ಅದರ ಮೇಲೆ ಎಣ್ಣೆ ಬಿಟ್ಟುಕೊಡುತ್ತ, ಈ ಸಲ ಅವಳಿಗೆ ಬರುವುದಿಲ್ಲ ಎಂದರು. ಬಹುಮಾನ ವಿಭಾಗಗಳ ನಡುವೆ ಸರದಿಯಂತೆ ಸುತ್ತುತ್ತದೆ, ಈ ವರ್ಷ ಕಾಮರ್ಸಿನದು, ಬರಹ ಓದುವ ಮೊದಲೇ ಇದು ನಿಕ್ಕಿಯಾಗಿರುತ್ತದೆ. "ಇದು ನಿನ್ನ ಕಿವಿಗಷ್ಟ ಇರ್ಲಿ," ಎಂದರು. ನಾನು ಆಯ್ತು ಮಿಸ್ ಎಂದೆ.

ಸಮಿತಿಯ ಅಧ್ಯಕ್ಷರು ಕಾಮರ್ಸಿನ ಎಚ್‌ಓಡಿ, ಅಂದರೆ ನಮ್ಮವರೇ. ನಮ್ಮ ವಿಭಾಗದ ಹುಡುಗನೊಬ್ಬನ ಹೆಸರು ಹೇಳಿ ಕಡತ ಮುಚ್ಚಲು ಹೊರಟರು. ನಾನು ಎದ್ದೆ. ನನ್ನದೇ ವಿಭಾಗದ ವಿರುದ್ಧ ಮಾತಾಡುತ್ತಿದ್ದೇನೆಂಬ ಜಂಬ ಬೇರೆ. ಎರಡೂ ಬರಹಗಳನ್ನು ಪಕ್ಕಪಕ್ಕ ಇಟ್ಟು ಓದಿ ತೋರಿಸಿದೆ, ಸರದಿಯಂತೆ ಹಂಚುವುದಾದರೆ ಬರೆಯಿರಿ ಎಂದು ಯಾಕೆ ಕರೆಯಬೇಕು ಎಂದು ಕೇಳಿದೆ. ಎಚ್‌ಓಡಿ ನಕ್ಕರು.

"ಸರದಿ ಗಿರದಿ ಅಂತ ಯಾರಪ್ಪ ಹೇಳಿದ್ದು ನಿಂಗೆ?"

"ಮಿಸ್ ಹೇಳಿದ್ದು, ಸಾರ್."

ಯೋಚಿಸಲೇ ಇಲ್ಲ. ಆಧಾರ ಕೇಳಿದರು, ಕೊಟ್ಟೆ. ಎಲ್ಲರೂ ಮಿಸ್ ಕಡೆ ತಿರುಗಿದರು. ಅವರು ನನ್ನನ್ನು ನೋಡಲಿಲ್ಲ. ಪೆನ್ನಿನ ಕ್ಯಾಪ್ ಹಾಕಿ ಪಕ್ಕಕ್ಕಿಟ್ಟು, "ಹೌದ್ರೀ ಸರ್. ನಾನ ಹೇಳೀನಿ," ಎಂದರು.

ಸರದಿಯ ಗುಟ್ಟು ಬಯಲಾದ ಮೇಲೆ ವಾದವೇ ಉಳಿಯಲಿಲ್ಲ. ಬಹುಮಾನ ಆ ಹುಡುಗಿಗೆ ಹೋಯಿತು. ಗೆಳೆಯರು ನನ್ನನ್ನು ಕ್ಯಾಂಟೀನಿನವರೆಗೂ ಹೊತ್ತುಕೊಂಡು ಹೋದರು. ಅವರು ಹೇಳುವ ಕಥೆ ಇಲ್ಲಿಗೆ ಮುಗಿಯುತ್ತದೆ.

ನಾವು ಕಾಲೇಜು ಬಿಟ್ಟ ಮೇಲೆ, ಹೊಸ ವರ್ಷದ ಟೈಮ್‌ಟೇಬಲಿನಲ್ಲಿ ಕನ್ನಡಕ್ಕೆ ಬೇರೆ ಹೆಸರಿತ್ತಂತೆ. ಜೂನಿಯರ್ ಒಬ್ಬ ಫೋನಿನಲ್ಲಿ ಹೇಳಿದ. ಗೆಸ್ಟ್ ಲೆಕ್ಚರರ್‌ಗಳು ಬದಲಾಗ್ತಾನೇ ಇರ್ತಾರೆ ಬಿಡೋ ಎಂದು ಅವನೇ ಸಮಾಧಾನವನ್ನೂ ಹೇಳಿದ. ಎಲ್ಲದಕ್ಕೂ ಆಧಾರ ಕೇಳುವವನು ಅದಕ್ಕೆ ಮಾತ್ರ ಕೇಳಲಿಲ್ಲ. ಆ ಮಾತು ನನಗೆ ಬೇಕಾಗಿತ್ತು, ಇಟ್ಟುಕೊಂಡೆ.

ಅದಾದ ಮೇಲೆ ಒಮ್ಮೆ ಮಿಸ್ ವಿಜಯನಗರದ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದ್ದರು. ಬ್ಯಾಡರಹಳ್ಳಿಯಲ್ಲಿ ಮನೆಪಾಠಕ್ಕೆ ಹೊರಟಿದ್ದೇನೆ ಎಂದರು. ನಾನೇನು ಮಾಡಿದೆ? ಆಗಷ್ಟೇ ಗೆದ್ದಿದ್ದ ಚರ್ಚಾಸ್ಪರ್ಧೆಯ ಬಗ್ಗೆ ಹೇಳಿದೆ. ಎಲ್ಲವನ್ನೂ ಕೇಳಿಸಿಕೊಂಡರು. ಬಸ್ ಬಂದಾಗ, "ಆ ಹುಡುಗಿ ಮತ್ತೇನರ ಬರದಾಳೇನು?" ಎಂದಷ್ಟೇ ಕೇಳಿದರು. ಗೊತ್ತಿಲ್ಲ ಮಿಸ್ ಎಂದೆ. ನನಗೆ ನಿಜವಾಗಿಯೂ ಗೊತ್ತಿರಲಿಲ್ಲ... ಗೆದ್ದುಕೊಟ್ಟ ಮೇಲೆ ಅವಳ ಕಡೆ ತಿರುಗಿಯೂ ನೋಡಿರಲಿಲ್ಲ. ಅವರನ್ನು ಕಂಡದ್ದು ಅದೇ ಕೊನೆ.

ರೊಟ್ಟಿ ಹೋಟೆಲಿನಿಂದ ಸೀದಾ ಬಸವೇಶ್ವರನಗರಕ್ಕೆ, ಅವರ ಮನೆಗೆ ಹೋದೆ. ಬಾಗಿಲು ತೆಗೆದವರು ಬೇರೆಯವರು. ಟೀಚರ್ ಖಾಲಿ ಮಾಡಿ ಬಹಳ ದಿನವಾಯ್ತು, ಊರಿಗೆ ಹೋದರೇನೋ ಎಂದರು. ಹಳೇ ನಂಬರಿಗೆ ಕರೆ ಮಾಡಿದರೆ ಯಾರೋ ಗಂಡಸು ಎತ್ತಿ, ರಾಂಗ್ ನಂಬರ್ ಸಾರ್ ಎಂದ. ಗೆಳೆಯನಿಗೆ ಇದನ್ನೆಲ್ಲ ಹೇಳಿದೆ. ಆ ಕಥೆಯನ್ನು ಇನ್ನು ಮೇಲೆ ಹೇಳಬೇಡ ಎಂದೆ.

ಮಿಸ್, ಅವತ್ತು ನೀವು ಹೇಳಿಲ್ಲ ಅಂದುಬಿಟ್ಟಿದ್ದರೆ ನಿಮ್ಮ ಕೆಲಸ ಉಳಿಯುತ್ತಿತ್ತು. ಎಲ್ಲರೆದುರು ನಾನು ಸುಳ್ಳುಗಾರನಾಗುತ್ತಿದ್ದೆ, ಅಷ್ಟೇ. ಹೌದು ಅಂದದ್ದು ಆ ಹುಡುಗಿಗೋಸ್ಕರವಾ, ಇಲ್ಲಾ ನನಗೋಸ್ಕರವಾ?