ಸೋಮವಾರ ಒಪ್ಪತ್ತು ಮಾಡುವ ಮಾನಿಟರು

ನನ್ನ ಅಂಗಡಿಯ ಮಾನಿಟರು ಸೋಮವಾರ ಒಪ್ಪತ್ತು ಮಾಡುತ್ತದೆ ಎಂದು ಎರಡು ತಿಂಗಳ ಕಾಲ ನಾನು ಹೆಚ್ಚುಕಡಿಮೆ ನಂಬಿಬಿಟ್ಟಿದ್ದೆ. ಮಂಗಳವಾರದಿಂದ ಶನಿವಾರದವರೆಗೆ ಅದರಷ್ಟು ಸಾಧು ಯಂತ್ರ ಮಧುಗಿರಿಯಲ್ಲೇ ಇಲ್ಲ. ಸೋಮವಾರ ಬಂತೋ, ಲ್ಯಾಪ್‌ಟಾಪು ತನ್ನ ಪಾಡಿಗೆ ಕೆಲಸ ಮಾಡುತ್ತಿರುತ್ತದೆ, ಅದಕ್ಕೆ ತಗುಲಿಸಿದ ದೊಡ್ಡ ಪರದೆ ಮಾತ್ರ ಒಮ್ಮೆ ಮಿಟುಕಿ, ಕಪ್ಪಾಗಿ, 'ನೋ ಸಿಗ್ನಲ್' ಎಂದು ಬರೆದುಕೊಂಡು ಕೂತುಬಿಡುತ್ತದೆ.

ನೋಂದಣಿ ಕಚೇರಿಯ ಎದುರು ಕೂತು ಕ್ರಯಪತ್ರ, ದಾನಪತ್ರ, ಪಾಲುಪಟ್ಟಿ ಬರೆಯುವವನು ನಾನು. ನಮ್ಮ ತಂದೆಯೂ ಇದೇ ಕೆಲಸ ಮಾಡಿದವರು. ಬರೆದದ್ದನ್ನು ಅವರು ರಾಗವಾಗಿ ಓದಿ ಹೇಳುವರು, ಎದುರಿಗಿದ್ದವರು ತಲೆಯಾಡಿಸಿ ಹೆಬ್ಬೆಟ್ಟು ಒತ್ತುವರು. ಚಿಕ್ಕಂದಿನಲ್ಲೇ ನಾನೊಂದು ವಿಷಯ ಗಮನಿಸಿದ್ದೆ: ಜನ ತಮ್ಮ ಹೆಸರು ಬಂದಾಗ ಎಷ್ಟು ತಲೆಯಾಡಿಸುತ್ತಾರೋ, ಬೇರೆಯವರ ಹೆಸರು ಬಂದಾಗಲೂ ಅಷ್ಟೇ ಆಡಿಸುತ್ತಾರೆ. ಅದಕ್ಕೇ ನಾನು ಅಂಗಡಿ ವಹಿಸಿಕೊಂಡ ಮೇಲೆ ಗಿರಾಕಿಗಳ ಕಡೆ ಮುಖ ಮಾಡಿ ಒಂದು ಮಾನಿಟರು ಇಟ್ಟೆ. ಅಚ್ಚು ಹಾಕುವ ಮೊದಲು ಹೆಸರು, ಜಮೀನಿನ ನಾಲ್ಕು ದಿಕ್ಕಿನ ಚಕ್ಕುಬಂದಿ ಎಲ್ಲವನ್ನೂ ಹೆಬ್ಬೆರಳಿನಷ್ಟು ದಪ್ಪ ಅಕ್ಷರದಲ್ಲಿ ತೋರಿಸುತ್ತೇನೆ. ಈ ಬಗ್ಗೆ ನನಗೆ ಸ್ವಲ್ಪ ಹಮ್ಮೂ ಇತ್ತೆಂದು ಒಪ್ಪಿಕೊಳ್ಳುತ್ತೇನೆ.

ಹಮ್ಮು ಇದ್ದ ಕಡೆಯೇ ಏಟು ಬೀಳುವುದು. ಮೊದಲ ಸೋಮವಾರ ಆರಿಸಿ ಹಾಕಿದೆ. ಎರಡನೆಯ ಸೋಮವಾರ ಯಾರೋ ಹೇಳಿಕೊಟ್ಟಂತೆ ಎರಡು ಗುಂಡಿ ಒಟ್ಟಿಗೆ ಒತ್ತಿ, ಉಳಿದಿದ್ದ ಲ್ಯಾಪ್‌ಟಾಪಿನ ಪರದೆಯನ್ನೂ ಕಳೆದುಕೊಂಡೆ. ಮೂರನೆಯದಕ್ಕೆ ಹೊಸ ವೈರು ತಂದೆ. ಅದೂ ಮುಂದಿನ ಸೋಮವಾರ ಕೈಕೊಟ್ಟಿತು. ರಾಹುಕಾಲವೇನೋ ಎಂದುಕೊಂಡರೆ, ಸೋಮವಾರದ ರಾಹುಕಾಲ ನಾನು ಅಂಗಡಿಯ ಬಾಗಿಲು ತೆಗೆಯುವ ಹೊತ್ತಿಗೆ ಮುಗಿದಿರುತ್ತದೆ. ಕೊನೆಗೆ ಒಂದು ಮಂಗಳವಾರ ಲ್ಯಾಪ್‌ಟಾಪು, ಮಾನಿಟರು ಎರಡನ್ನೂ ಚೀಲದಲ್ಲಿ ಹಾಕಿಕೊಂಡು ಶಿರಾ ಬಸ್ಸು ಹತ್ತಿದೆ. ಅಲ್ಲಿ ನಯಾಜ್ ಭಾಯ್ ಎಂಬ ಒಳ್ಳೆಯ ರಿಪೇರಿಯವರಿದ್ದಾರೆ. ಅವರು ತಗುಲಿಸಿದ ಕೂಡಲೇ ಪರದೆ ಝಗ್ಗನೆ ಹತ್ತಿಕೊಂಡಿತು. ಒಂದು ಗಂಟೆ ಕಾದೆವು. ಡಾಕ್ಟರ ಮುಂದೆ ಕೂತ ರೋಗಿಯ ಹಾಗೆ ಅದಕ್ಕೆ ಯಾವ ಕಾಯಿಲೆಯೂ ಇರಲಿಲ್ಲ. ಭಾಯ್ ನನಗೆ ಚಹಾ ಕುಡಿಸಿ, ಬೇಕಾದರೆ ಸೋಮವಾರ ರಜಾ ಮಾಡಿಬಿಡಿ ಎಂದು ಸಲಹೆ ಕೊಟ್ಟು ಕಳಿಸಿದರು.

ರಜಾ ಮಾಡುವಂತಿರಲಿಲ್ಲ. ಮುಂದಿನ ಸೋಮವಾರ ಈರಕ್ಕನ ಪಾಲುಪಟ್ಟಿ ಇತ್ತು. ಈರಕ್ಕ ಕುರಿ ಸಾಕುವ ಮನೆತನದ ಹೆಂಗಸು, ಅರವತ್ತು ದಾಟಿದವಳು. ತಂದೆಯ ಜಮೀನಿನಲ್ಲಿ ಬಾವಿಯ ಪಕ್ಕದ ಒಂದೆಕರೆ ಅಕ್ಕನಿಗೆ ಕೊಡಲು ಅವಳ ತಮ್ಮ ಚಿತ್ತಯ್ಯ ಎರಡು ವರ್ಷ ಯೋಚಿಸಿ ಅಂತೂ ಒಪ್ಪಿದ್ದ. ಮಾರನೆಯ ದಿನವೇ ಅವನು ಮಂದೆ ಹೊಡೆದುಕೊಂಡು ಪಾವಗಡದ ಕಡೆಗೆ ಹೊರಡುವವನು. ತಿರುಗಿ ಬರುವುದು ತಿಂಗಳುಗಳ ಮೇಲೆ. ಅಷ್ಟರಲ್ಲಿ ಆ ಒಪ್ಪಿಗೆ ಅವನ ಮನಸ್ಸಿನಲ್ಲೇ ಇರುತ್ತದೆಂದು ಯಾರು ಹೇಳಬೇಕು? ನೋಂದಣಿಗೆ ನಮಗೆ ಸಿಕ್ಕಿದ್ದ ಸಮಯ ಹನ್ನೆರಡೂವರೆ.

ಹನ್ನೊಂದೂಮುಕ್ಕಾಲಿಗೆ ಪರದೆ ಮಿಟುಕಿತು, ಕಪ್ಪಾಯಿತು.

ನನ್ನ ಬೆವರು ಕಂಡು ಚಿತ್ತಯ್ಯ, ಅಯ್ಯನವರು ಹೇಗೂ ಓದಿ ಹೇಳುತ್ತಾರಲ್ಲ, ಕೇಳಿಕೊಂಡು ಹೆಬ್ಬೆಟ್ಟು ಒತ್ತು ಎಂದು ಅಕ್ಕನಿಗೆ ಹೇಳಿದ. ಈರಕ್ಕ ಕೂತಲ್ಲಿಂದ ಅಲ್ಲಾಡಲಿಲ್ಲ.

"ಕೇಳಿದ್ದು ಸಾಕು ಕಣಪ್ಪ. ಈ ಸಲ ನೋಡ್ಬೇಕು."

ತಂದೆ ತೀರಿಕೊಂಡಾಗ ಯಾರೋ ಓದಿ ಹೇಳಿದ ಕಾಗದದಲ್ಲಿ ಅವಳ ಹೆಸರು ಅವಳಿಗೆ ಕೇಳಿಸಿತ್ತಂತೆ. ವರ್ಷಗಳ ಮೇಲೆ ಬೇರೆಯವರಿಂದ ಓದಿಸಿ ನೋಡಿದರೆ ಕಾಗದದಲ್ಲಿ ಇರಲಿಲ್ಲ. ಆಮೇಲೆ ಮೊಮ್ಮಗಳ ಸ್ಲೇಟು ಹಿಡಿದು ತನ್ನ ಹೆಸರಿನ ಮೂರಕ್ಷರ ಕಲಿತಿದ್ದಳು. ಪರದೆ ಬಂದರೆ ಸಿದ್ದರಬೆಟ್ಟ ಹತ್ತಿ ಬರುತ್ತೇನೆ ಎಂದು ಮನಸ್ಸಿನಲ್ಲೇ ಹರಕೆ ಹೊತ್ತೆ. ನನ್ನ ಮಂಡಿಗಳನ್ನು ಕೇಳಲಿಲ್ಲ. ಬೇರೆ ದಾರಿ ಕಾಣದೆ ಲ್ಯಾಪ್‌ಟಾಪನ್ನೇ ಅವಳ ಕಡೆ ತಿರುಗಿಸಿ ಅಕ್ಷರ ದೊಡ್ಡದು ಮಾಡಿದೆ. ಹಳೆಯ ಪರದೆ, ಎದುರಿನ ಬಾಗಿಲಿನ ಬೆಳಕು ಬಿದ್ದು ಅವಳಿಗೆ ತನ್ನ ಮುಖವಷ್ಟೇ ಕಂಡಿತು. ಮೂಗು ತಾಗುವಷ್ಟು ಬಗ್ಗಿದಳು, ಓರೆಯಾಗಿ ಪಕ್ಕದಿಂದ ನೋಡಿದಳು. ಆಮೇಲೆ ಪರದೆ ಬಿಟ್ಟು ಬೇರೇನನ್ನೋ ನೋಡತೊಡಗಿದಳು.

"ಅಯ್ನೋರೆ, ಇಲ್ಲಿ ಪತ್ರೆ ಸಿಗ್ಸಿದ್ದೀರಲ್ಲ, ಇದು ವೈರ್‌ನ ಮ್ಯಾಲಕ್ಕೆ ಎತ್ತಿಡ್ದೈತೆ ನೋಡಿ. ತೆಗೀಲಾ?"

ಇನ್ನು ನನ್ನ ದಡ್ಡತನವನ್ನು ಬಿಡಿಸಿ ಹೇಳಲೇಬೇಕು. ಬೆಳಗ್ಗೆ ಅಂಗಡಿ ತೆಗೆದ ಕೂಡಲೇ ಲ್ಯಾಪ್‌ಟಾಪಿಗೆ ವಿಭೂತಿ ಹಚ್ಚಿ ಹೂವಿಡುವುದು ನನ್ನ ಪದ್ಧತಿ. ಬೇರೆ ದಿನ ಮೇಜಿನ ಮೇಲೆ ಒಂದು ಕಣಗಿಲೆ ಸಾಕು. ಸೋಮವಾರ ಶಿವನ ವಾರ, ಹಿತ್ತಲಿನ ಬಿಲ್ವಪತ್ರೆಯೇ ಆಗಬೇಕು. ಲ್ಯಾಪ್‌ಟಾಪಿನ ಮೇಲಿಟ್ಟರೆ ಜಾರುತ್ತದೆ, ನೆಲಕ್ಕೆ ಬಿದ್ದರೆ ಕಾಲಿಗೆ ಸಿಕ್ಕುತ್ತದೆ. ಅದಕ್ಕೇ ಅದರ ಗಟ್ಟಿ ತೊಟ್ಟನ್ನು ಬಲಗಡೆಯಲ್ಲಿ ವೈರಿನ ಪಿನ್ನಿನ ಸಂದಿಗೆ ಭದ್ರವಾಗಿ ಸಿಗಿಸುತ್ತಿದ್ದೆ. ಮೇಜು ಅಲುಗಿದಂತೆಲ್ಲ ಆ ತೊಟ್ಟು ಪಿನ್ನನ್ನು ಕೂದಲೆಳೆಯಷ್ಟು ಮೇಲೆತ್ತುತ್ತಿತ್ತು. ಸಂಜೆ ಪತ್ರೆಯನ್ನೂ ವೈರನ್ನೂ ತೆಗೆದುಬಿಡುತ್ತಿದ್ದೆ. ಮಂಗಳವಾರ ವೈರು ತಗುಲಿಸಿದರೆ ಯಂತ್ರ ಗುಣವಾಗುತ್ತಿತ್ತು. ಎರಡು ತಿಂಗಳು ಎಲ್ಲ ಕಡೆ ಹುಡುಕಿದ ನನಗೆ ಆ ಪತ್ರೆ ಕಾಣಲೇ ಇಲ್ಲ, ಏಕೆಂದರೆ ಅದನ್ನು ಇಟ್ಟವನು ನಾನೇ.

ನಮ್ಮ ಕಡೆ ಏನಾದರೂ ಕಾರ್ಯಕ್ಕೆ ಮೊದಲು ದೇವರ ಮುಂದೆ ಕೂತು ಪ್ರಸಾದ ಕೇಳುತ್ತಾರೆ. ಬಲಗಡೆಯಿಂದ ಹೂ ಬಿದ್ದರೆ ಅಪ್ಪಣೆಯಾದಂತೆ. ಕೆಲವೊಮ್ಮೆ ಗಂಟೆಗಟ್ಟಲೆ ಕಾಯಬೇಕಾಗುತ್ತದೆ. ನಾನಂತೂ ದೇವರು ಬೀಳಿಸಲು ಅವಕಾಶವೇ ಇಲ್ಲದಂತೆ ಹೂವನ್ನು ಬಿಗಿದಿಟ್ಟಿದ್ದೆ. ಈರಕ್ಕ ಎರಡು ಬೆರಳಲ್ಲಿ ಪತ್ರೆ ಎಳೆದು, ಕಣ್ಣಿಗೊತ್ತಿಕೊಂಡು, ತುರುಬಿಗೆ ಸಿಗಿಸಿಕೊಂಡಳು. ನಾನು ಪಿನ್ನು ಒತ್ತಿದೆ. ಪರದೆ ಬೆಳಗಿತು. ನನಗೆ ಹೋದ ಜೀವ ಬಂದಂತಾಯಿತು, ಅಷ್ಟೇ ನಾಚಿಕೆಯೂ ಆಯಿತು.

ಈರಕ್ಕ ಎದ್ದು ಹೋಗಿ ಪರದೆಯ ಮೇಲೆ ಬೆರಳಿಟ್ಟು ಒಂದೊಂದೇ ಅಕ್ಷರ ಮುಟ್ಟಿದಳು. ಈ. ರ. ಕ್ಕ. "ಐತೆ" ಎಂದು ಮಾತ್ರ ಹೇಳಿದಳು. ಆಮೇಲೆ ಬಾವಿ ಎಲ್ಲಿದೆ ತೋರಿಸಿ ಎಂದಳು, ಅದನ್ನೂ ತೋರಿಸಿದೆ. ಹನ್ನೆರಡೂವರೆಗೆ ಕಚೇರಿಯಲ್ಲಿ ಅವಳು ಮೂರಕ್ಷರ ಬರೆದು ಮುಗಿಸುವವರೆಗೆ ಎಲ್ಲರೂ ಕಾದರು. ಚಿತ್ತಯ್ಯ ಹೆಬ್ಬೆಟ್ಟು ಒತ್ತಿದ. ಹೊರಗೆ ಬಂದ ಮೇಲೆ ಈರಕ್ಕ ನನಗೆ ಬುದ್ಧಿ ಹೇಳಲು ಮರೆಯಲಿಲ್ಲ: "ಪತ್ರೆ ಶಿವಂಗೆ ಏರ್ಸಿ ಅಯ್ನೋರೆ. ಮಿಸಿನ್‌ಗೆ ವೈರು ಸಾಕು."

ಅವಳು ಬಸ್‌ಸ್ಟಾಂಡಿನ ಕಡೆ ಹೊರಟ ಮೇಲೆ ಚಿತ್ತಯ್ಯ ಒಬ್ಬನೇ ಅಂಗಡಿಗೆ ತಿರುಗಿ ಬಂದ. ಏನಾದರೂ ಮರೆತನೇನೋ ಅಂದುಕೊಂಡೆ. ಬೆರಳಿನ ಮಸಿಯನ್ನು ಟವೆಲಿಗೆ ಒರೆಸುತ್ತಾ ಬಾಗಿಲಲ್ಲೇ ನಿಂತು, ತಗ್ಗಿದ ದನಿಯಲ್ಲಿ ಕೇಳಿದ.

"ನನ್ ಹೆಸ್ರೂ ಅಂಗೇ ಒಂದ್ಸಲ ತೋರ್ಸ್ತೀರಾ?"

ಅಕ್ಷರವನ್ನು ಆದಷ್ಟು ದೊಡ್ಡದು ಮಾಡಿದೆ. ಚಿತ್ತಯ್ಯ ನೋಡುತ್ತಾ ನಿಂತ. ಅವನಿಗೆ ಸಾಕೆನಿಸುವವರೆಗೆ, ಸೋಮವಾರವಾದರೂ, ಪರದೆ ಒಮ್ಮೆಯೂ ಮಿಟುಕಲಿಲ್ಲ.