ಹೆಪ್ಪು ಕೇಳಿ ಕೊಂಡ ಮನೆ

ಮೂವತ್ತು ವರ್ಷ ಸರ್ವೆ ಇಲಾಖೆಯಲ್ಲಿ ಸರಪಳಿ ಎಳೆಸಿ ಊರವರ ನೆಲವನ್ನೆಲ್ಲ ಅಳೆದ ನನಗೆ, ಸ್ವಂತದ್ದು ಅನ್ನುವ ಒಂದು ಗೇಣು ನೆಲವೂ ಇಲ್ಲವೆಂಬುದು ಹೊಳೆದದ್ದು ಪೆನ್ಷನ್ ಆದ ಮೇಲೆ. ಕವಲಂದೆಯ ಹೊಲ ಅಣ್ಣಂದಿರ ಪಾಲಾಗಿತ್ತು. ನನ್ನ ಆಯಸ್ಸೆಲ್ಲ, ಒಂದು ಊರಿನ ನೀರು ನಾಲಗೆಗೆ ಒಗ್ಗುವಷ್ಟರಲ್ಲಿ ವರ್ಗದ ಆರ್ಡರು ಬಂದು ಇನ್ನೊಂದು ಊರಲ್ಲಿ ಬಾಡಿಗೆ ಮನೆ ಹುಡುಕುವುದರಲ್ಲೇ ಕಳೆದಿತ್ತು. ಈಗ ಬನ್ನೂರಿನ ಬಾಡಿಗೆ ಮನೆಯ ಯಜಮಾನರೂ ಮಗನ ಮದುವೆಗೆ ಮನೆ ಬೇಕು, ದೀಪಾವಳಿಯೊಳಗೆ ಬಿಟ್ಟುಕೊಡಿ ಎಂದು ಹೇಳಿ ಕಳಿಸಿದ್ದರು.

ನನ್ನಾಕೆ ಚಿಕ್ಕತಾಯಮ್ಮ ನಗುತ್ತಲೇ ಹೇಳಿದಳು: "ಅನ್ನೊಂದ್ ಸಲ ಗಡಿಗೆ ಮಡಕೆ ಗಾಡಿಗೆ ಏರ್ಸಿವ್ನಿ. ಇನ್ನೊಂದೇ ಸಲ ಏರ್ಸೋದು. ಆಮ್ಯಾಕೆ ನನ್ನ ಎತ್ಕಂಡ್ ಓಗಕ್ಕೆ ನಾಕ್ ಜನ ಬತ್ತಾರೆ. ನೋಡ್ಕಂಡ್ ತಗಳಿ." ಅವಳು ನಕ್ಕಳು, ನನಗೆ ನಗು ಬರಲಿಲ್ಲ. ಈ ಒಂದು ಮನೆಯಾದರೂ ಅವಳ ಮನಸ್ಸಿಗೆ ಒಪ್ಪುವಂಥದ್ದಾಗಬೇಕು ಎಂದು ಆವತ್ತೇ ನಿಶ್ಚಯ ಮಾಡಿಕೊಂಡೆ.

ಕೈಗೆ ಎಟುಕುವ ಮನೆ ಎರಡಿದ್ದವು. ಒಂದು ನಂಜನಗೂಡಿನಲ್ಲಿ, ಹೊಳೆಗೆ ಹೋಗುವ ಬೀದಿಯಲ್ಲಿ. ಇನ್ನೊಂದು ತಿರುಮಕೂಡಲು ನರಸೀಪುರದಲ್ಲಿ, ಸಂಗಮದ ಮಗ್ಗುಲಲ್ಲಿ. ನಂಜನಗೂಡಿಗೆ ರೈಲಿದೆ. ನರಸೀಪುರಕ್ಕೆ ಒಂದಕ್ಕೆ ಎರಡು ಹೊಳೆ ಇವೆ. ನಂಜನಗೂಡಿನಲ್ಲಿ ನಾವು ಮಿಂದ ಕಪಿಲೆಯೇ ಯಾವ ವರ್ಗದ ಆರ್ಡರೂ ಇಲ್ಲದೆ ನರಸೀಪುರಕ್ಕೆ ಹೋಗಿ ಕಾವೇರಿಯನ್ನು ಸೇರುತ್ತಾಳೆ. ಹಾಗಿರುವಾಗ ನರಸೀಪುರದವರು ತಮ್ಮ ನೀರು ಹೆಚ್ಚು ಪುಣ್ಯದ್ದು ಎನ್ನುವುದೂ, ನಂಜನಗೂಡಿನವರು ತಮ್ಮದು ಹೆಚ್ಚು ತಿಳಿ ಎನ್ನುವುದೂ ಎರಡೂ ನಿಜವೇ. ಹೀಗೆ ಎರಡು ಕಡೆಯೂ ನಿಜ ಇದ್ದಾಗ ಮನುಷ್ಯ ಪಡುವ ಪಾಡು ಹೇಳತೀರದು.

ನಾನು ನರಸೀಪುರವೇ ಆಗಲಿ ಅಂದೆ. ಅವಳ ತವರು ಮೂಗೂರು ಅಲ್ಲಿಗೆ ಹತ್ತಿರ, ಹಿಗ್ಗುತ್ತಾಳೆ ಎಂದುಕೊಂಡಿದ್ದೆ. "ತವರು ಅನ್ನೋದು ಒಂದಿನದ್ ದಾರಿ ದೂರ ಇರ್ಬೇಕು ಕಣ್ರೀ," ಅಂದಳು. "ಅತ್ರ ಇದ್ರೆ ಅತ್ತಿಗೆದೀರು ನಾಕ್ ದಿನಕ್ಕೊಂದ್ ಸಲ ಬಂದು ನನ್ ಸೀರೆ ಎಣ್ಸ್‌ತಾರೆ." ಅವಳ ಒಲವು ನಂಜನಗೂಡಿನ ಕಡೆ. ನನಗೋ ಅಲ್ಲಿ ನಮ್ಮ ಕವಲಂದೆಯವರ ಭಯ. ಮೈಸೂರಿಗೆ ರೈಲು ಹತ್ತುವವನು ಪ್ರತಿಯೊಬ್ಬನೂ ಹಿಂದಿನ ರಾತ್ರಿ ನಮ್ಮ ಜಗಲಿಯ ಮೇಲೇ ಮಲಗುತ್ತಾನೆ. ಪೆನ್ಷನ್ ತಗೊಂಡು ಛತ್ರ ನಡೆಸಿದ ಹಾಗಾಗುತ್ತದೆ. ಗಂಡಹೆಂಡಿರಿಬ್ಬರೂ ತಂತಮ್ಮ ನೆಂಟರಿಂದ ತಪ್ಪಿಸಿಕೊಳ್ಳಲು ಇನ್ನೊಬ್ಬರ ನೆಂಟರ ಬಾಯಿಗೆ ಬೀಳಲು ಸಿದ್ಧರಾಗಿದ್ದೆವು. ದಾಂಪತ್ಯದಲ್ಲಿ ಇದನ್ನೂ ಹೊಂದಾಣಿಕೆ ಎಂದೇ ಕರೆಯಬೇಕು.

ಸರ್ವೆಯ ಕಾಯಿದೆಯಲ್ಲಿ ನೆಲಕ್ಕೆ ಎಷ್ಟು ತರಗತಿ ಉಂಟು ಬಲ್ಲಿರಾ? ಎರೆ, ಕೆಂಪು, ಮರಳು, ಅದರಲ್ಲಿ ಸುಣ್ಣದ ಕಲ್ಲು ಬೆರೆತದ್ದು, ಜವುಗು ಹಿಡಿದದ್ದು. ಒಂದೊಂದಕ್ಕೂ ಕಂದಾಯ ಬೇರೆ. ಆದರೆ ನೆರೆಹೊರೆಗೆ ತರಗತಿ ಹಾಕುವುದು ಹೇಗೆಂದು ಯಾವ ಸಾಹೇಬನೂ ಬರೆದಿಟ್ಟಿಲ್ಲ. ಆ ವಿದ್ಯೆ ಹೆಂಗಸರಲ್ಲಿದೆ. ನಾನು ಮನೆಗಳನ್ನು ನೋಡಲು ಹೊರಟಾಗ ಚಿಕ್ಕತಾಯಮ್ಮ, "ಗೋಡೆನ ನೀವ್ ಅಳ್ಕಳಿ. ಆದ್ರೆ ಅಕ್ಕಪಕ್ಕದ್ ಮನೇಲಿ ಒಂದಿಷ್ಟ್ ಎಪ್ಪು ಕೇಳಿ. ಕೊಡೋ ಕೈ ಎಂಗದೆ ನೋಡ್ಕಂಡ್ ಬನ್ನಿ," ಅಂದಳು. ಯಾವ ಊರಿಗೆ ಹೋದರೂ ಮೊದಲ ದಿನದ ಹಾಲಿಗೆ ಹಾಕಲು ಒಂದು ಚಮಚ ಮೊಸರು, ಆ ಹೆಪ್ಪು, ಪಕ್ಕದ ಮನೆಯಿಂದಲೇ ಬರಬೇಕಲ್ಲ. ಅವಳ ಸ್ನೇಹಗಳೆಲ್ಲ ಶುರುವಾದದ್ದು ಹಾಗೆಯೇ.

ಬನ್ನೂರಿಂದ ಗಾಡಿಯಲ್ಲಿ ಮೈಸೂರಿಗೆ, ಅಲ್ಲಿಂದ ರೈಲಿನಲ್ಲಿ ನಂಜನಗೂಡಿಗೆ ಹೋದೆ. ಮನೆ ಅಳೆದು ಮುಗಿಸುವ ಹೊತ್ತಿಗೆ ಬೀದಿಯಲ್ಲಿ ದೀಪ ಹಚ್ಚಿದ್ದರು. ಕೈಯಲ್ಲೊಂದು ಬಟ್ಟಲು ಹಿಡಿದು ಮೂರು ಮನೆಯ ಬಾಗಿಲಲ್ಲಿ ಹೆಪ್ಪು ಕೇಳಿದೆ. ಮೂರೂ ಕಡೆ ಹೆಂಗಸರು ನನ್ನ ರುಮಾಲನ್ನೂ ಬಟ್ಟಲನ್ನೂ ಒಂದು ಥರಾ ನೋಡಿ, ಇಲ್ಲ, ಬೆಳಿಗ್ಗೆ ಬನ್ನಿ ಅಂದರು. ಒಂದು ಚಮಚ ಮೊಸರಿಗೆ ಗತಿಯಿಲ್ಲದ ಬೀದಿ ಎಂದು ಬೈದುಕೊಂಡು ಮರುದಿನ ಬೆಳಗಿನ ಮೊದಲ ರೈಲಿಗೇ ವಾಪಸು ಬಂದೆ. ಮರುವಾರ ಕೋಳಿ ಕೂಗುವ ಮುಂಚೆ ಗಾಡಿ ಕಟ್ಟಿಸಿ, ಹತ್ತು ಗಂಟೆಗೆಲ್ಲ ನರಸೀಪುರದಲ್ಲಿದ್ದೆ. ಅಲ್ಲಿ ಪಕ್ಕದ ಮನೆಯಾಕೆ ಹೆಪ್ಪಿನ ಜೊತೆಗೆ ಬಟ್ಟಲು ತುಂಬ ಮೊಸರನ್ನೇ ಕೊಟ್ಟು, ನಮಗೆ ಮಕ್ಕಳೆಷ್ಟು, ಪೆನ್ಷನ್ ಎಷ್ಟು, ನನ್ನ ಹಲ್ಲು ಯಾವಾಗ ಬಿತ್ತು ಎಲ್ಲವನ್ನೂ ವಿಚಾರಿಸಿದಳು. ಕರಗಿ ಹೋದೆ. ಶುಕ್ರವಾರ ಬಂದು ಮಾತು ಮುಗಿಸುತ್ತೇನೆಂದು ಮನೆ ಮಾರುವವರಿಗೆ ಹೇಳಿಯೂ ಬಂದೆ.

ಬನ್ನೂರಿಗೆ ಬಂದು ಜಂಬದಿಂದ ವರದಿ ಒಪ್ಪಿಸಿದೆ. ಚಿಕ್ಕತಾಯಮ್ಮ ರಾಗಿ ಕೇರುತ್ತಿದ್ದವಳು ಮೊರ ಕೆಳಗಿಟ್ಟಳು.

"ನಂಜನಗೂಡಲ್ಲಿ ಎಷ್ಟೊತ್ನಲ್ಲಿ ಕೇಳುದ್ರಿ?"

ದೀಪ ಹಚ್ಚಿದ್ದರು ಅಂದೆ.

"ದೀಪ ಅಚ್ಚುದ್ ಮ್ಯಾಲೆ ಯಾರ್ ಮೊಸ್ರು ಕೊಡ್ತಾರ್ರೀ? ನಾನಾದ್ರೂ ಕೊಟ್ಟಿದ್ನಾ?"

ದೀಪ ಹಚ್ಚಿದ ಮೇಲೆ ಹಾಲು, ಮೊಸರು, ಉಪ್ಪು ಹೊಸಿಲು ದಾಟಿದರೆ ಲಕ್ಷ್ಮಿಯೂ ಹಿಂದೆಯೇ ಹೊರಟುಬಿಡುತ್ತಾಳಂತೆ. ಮೂವತ್ತು ವರ್ಷ ನಮ್ಮ ಮನೆಯಲ್ಲೇ ನಡೆದ ಶಾಸ್ತ್ರ. ಆ ಹೊತ್ತಿನಲ್ಲಿ ನಾನು ಯಾವುದೋ ಊರಿನ ಚಾವಡಿಯಲ್ಲಿ ಕೂತು ಇನ್ಯಾರದೋ ಗಡಿಯ ನಕ್ಷೆ ಬರೆಯುತ್ತಿದ್ದೆ, ನನಗೆ ಗೊತ್ತಾಗುವುದಾದರೂ ಹೇಗೆ. ಅವಳು ಬೈಯಲಿಲ್ಲ. ಗಾಡಿ ಕಟ್ಟಿಸಿ, ನಾನೂ ಬತ್ತೀನಿ ಅಂದಳು.

ನಂಜನಗೂಡಿನ ಛತ್ರದಲ್ಲಿ ಇಳಿದುಕೊಂಡು, ಬೆಳಿಗ್ಗೆ ಎದ್ದು ಆ ಬೀದಿಗೆ ಹೋದೆವು. ಪಕ್ಕದ ಮನೆಯ ನಂಜಮ್ಮ ಎಂಬಾಕೆ ನನ್ನ ಹೆಂಡತಿಯ ಹೆಗಲ ಮೇಲಿಂದ ನನ್ನನ್ನು ನೋಡಿ ಗುರುತು ಹಿಡಿದಳು. "ಇವ್ರೇ ಅಲ್ವಾ ಆವತ್ತು ಸಂಜೇಲಿ ಬಂದಿದ್ದು? ಬೆಳಿಗ್ಗೆ ಬತ್ತಾರೆ ಅಂತ ಎಪ್ಪು ಎತ್ತಿಟ್ಟಿದ್ದೆ ಕಣಕ್ಕ. ಊಟದ್ ಒತ್ತಿನ್ ಗಂಟ ನೋಡ್ದೆ, ಬರ್ನೇ ಇಲ್ಲ." ಎದುರು ಮನೆಯಾಕೆಯೂ ಎತ್ತಿಟ್ಟಿದ್ದಳಂತೆ. ನಾನು ಬೈದುಕೊಂಡು ರೈಲು ಹತ್ತಿದ ಬೆಳಿಗ್ಗೆ, ಬೀದಿಯ ಎರಡು ಮನೆಗಳಲ್ಲಿ ನನ್ನ ಹೆಸರೂ ಗೊತ್ತಿಲ್ಲದ ಹೆಂಗಸರು ನನಗಾಗಿ ಬಾಗಿಲು ನೋಡುತ್ತಿದ್ದರು. ನಾಚಿಕೆಯಿಂದ ನನಗೆ ತಲೆ ಎತ್ತಲಾಗಲಿಲ್ಲ. ಅಷ್ಟರಲ್ಲಿ ನಂಜಮ್ಮನೂ ನನ್ನಾಕೆಯೂ ಜಗಲಿಯ ಮೇಲೆ ಕೂತು, ನನ್ನ ದಡ್ಡತನವನ್ನೇ ಮೊದಲ ವಿಷಯ ಮಾಡಿಕೊಂಡು, ಗೆಳತಿಯರಾಗಿಬಿಟ್ಟಿದ್ದರು.

ನರಸೀಪುರದವರಿಗೆ ಕೈಮುಗಿದು ಕಾಗದ ಬರೆದೆ. ಆ ಊರಿನ ಮೇಲೆ ಇವತ್ತಿಗೂ ನನಗೆ ಯಾವ ದೂರೂ ಇಲ್ಲ. ನಂಜನಗೂಡಿನ ಮನೆ ನಮ್ಮದಾಯಿತು. ಮೊದಲ ವಾರವೇ ಕವಲಂದೆಯಿಂದ ಇಬ್ಬರು ಬಂದು ಜಗಲಿಯ ಅಗಲ ಎಷ್ಟೆಂದು ಮಲಗಿ ನೋಡಿಕೊಂಡು ಹೋದರು.

ಆಮೇಲೊಂದು ದಿನ ಹಿತ್ತಲಿಗೆ ಹೋದರೆ ಚಿಕ್ಕತಾಯಮ್ಮ ಹುತ್ತದ ಮಣ್ಣಿಗೆ ಹೊಟ್ಟು, ಸಗಣಿ ಬೆರೆಸಿ ಕಲಸುತ್ತಿದ್ದಳು. ಕಲಸಿದ ಮಣ್ಣು ಹಿಡಿದು ಒಳಗೆ ಹೋದವಳ ಹಿಂದೆ ನಾನೂ ಹೋದೆ. ಅಡಿಗೆ ಕೋಣೆಯಲ್ಲಿ ಹೊಸ ಒಲೆ ಅರ್ಧ ಎದ್ದಿತ್ತು. ಎರಡು ಬಾಯಿ, ಪಕ್ಕಕ್ಕೆ ಹಾಲಿನ ಗಡಿಗೆ ಇಡಲು ಒಂದು ಕಟ್ಟೆ. ಇಷ್ಟು ದಿನ ನಾನು ಕಂಡಿದ್ದು ಮೂರು ಕಲ್ಲು ಹೂಡಿ ಮಣ್ಣು ಮೆತ್ತಿ, ಮಾರನೆಯ ದಿನವೇ ಉರಿ ಹಚ್ಚುತ್ತಿದ್ದ ಒಲೆಗಳನ್ನು.

ಇದು ಒಣಗಲು ಎಷ್ಟು ದಿನ ಬೇಕು ಎಂದು ಕೇಳಿದೆ. ಇಪ್ಪತ್ತು ದಿನವಾದರೂ ಬೇಕು, ಅಲ್ಲಿಯತನಕ ಹಿತ್ತಲಲ್ಲೇ ಬೇಯಿಸಿಕೊಳ್ಳೋಣ ಅಂದಳು. ಇಷ್ಟು ಚೆಂದದ ಒಲೆ ಹಾಕಲು ಬರುತ್ತಿದ್ದರೆ ಇಷ್ಟು ವರ್ಷ ಯಾಕೆ ಹಾಕಲಿಲ್ಲ ಎಂದೆ.

ಒದ್ದೆ ಕೈಯಲ್ಲಿ ಒಲೆಯ ಅಂಚು ಸವರುತ್ತ, ತಲೆ ಎತ್ತದೆಯೇ ಹೇಳಿದಳು: "ಬುಟ್ಟು ಓಗೋದು ಅಂತ ಗೊತ್ತಿದ್ ಮ್ಯಾಲೆ, ಎಂಗೆ ಮನ್ಸು ಬತ್ತದೆ?"

ನಾನು ಹಿತ್ತಲಿಗೆ ಹೋಗಿ, ಪಂಚೆ ಎತ್ತಿ ಕಟ್ಟಿ ಮಣ್ಣಿಗೆ ಇಳಿದು ತುಳಿಯತೊಡಗಿದೆ. ಅಭ್ಯಾಸವಿಲ್ಲದ ಕಾಲು, ದಡಬಡ ಬೀಳುತ್ತಿತ್ತು.

"ನಿಧಾನುಕ್ ತುಳೀರಿ," ಒಳಗಿಂದಲೇ ಅಂದಳು. "ಈಗೇನ್ ಆತ್ರ ಇಲ್ಲ."