ಮುಷ್ಟಿಯೊಳಗಿನ ಮೊಬೈಲು

ಅಮೀರ್ಬೀಗೆ ಹೆದರಿಕೆ ಹೊಸದೇನಲ್ಲ. ಆಕಳು ಎದುರು ಬಂದರೆ ಹೆದರುವಳು, ಗುಡುಗಿದರೆ ಹೆದರುವಳು, ಬಾಗಿಲಿಗೆ ಅಂಚೆಯವನು ಬಂದರೆ ಎದೆ ಹಿಡಿದುಕೊಂಡು "ಯಾರು ಹೋದ್ರಪ್ಪಾ?" ಎಂದೇ ಕೇಳುವಳು. ಶಹಾಬಾದದ ಆ ಓಣಿಯ ಹುಡುಗಿಯರಿಗೆ ಅದೊಂದು ಆಟ. "ಚಾಚಿ, ಹಿಂದ ಹಾವು!" ಅನ್ನುವುದು, ಆಕೆ ಕೂಗಿಕೊಂಡು ಕಟ್ಟೆ ಹತ್ತುವುದು, ಇವು ಬಿದ್ದು ಬಿದ್ದು ನಗುವುದು. ಆದರೆ ಅದೇ ಹುಡುಗಿಯರು ಮದುವೆ ಗೊತ್ತಾದ ಕೂಡಲೇ ಓಡಿ ಬರುತ್ತಿದ್ದುದು ಅಮೀರ್ಬೀಯ ಹತ್ತಿರವೇ. ಯಾಕೆಂದರೆ ತನ್ನ ಹೆದರಿಕೆ ಏನೇ ಇರಲಿ, ಮಂದಿಯ ಹೆದರಿಕೆ ಬಿಡಿಸುವುದರಲ್ಲಿ ಆಕೆಗೆ ಸಮ ಯಾರೂ ಇರಲಿಲ್ಲ.

ಆಕೆ ಬಳೆ ಇಡಿಸುವವಳು. ಸೇಡಂ, ಚಿತ್ತಾಪುರ, ಆ ಕಡೆ ಚಿಂಚೋಳಿಯವರೆಗೂ ಆಕೆಗೆ ಕರೆ ಬರುತ್ತಿತ್ತು. ಮದುವಣಗಿತ್ತಿಯ ಕೈ ಹೇಗಿರುತ್ತದೆ ಎಂಬುದು ನೋಡಿದವರಿಗೇ ಗೊತ್ತು. ಹೆದರಿ ಕಟ್ಟಿಗೆಯಾಗಿರುತ್ತದೆ. ಬಿಗಿದ ಕೈಗೆ ಬಳೆ ಏರುವುದಿಲ್ಲ. ಜೋರು ಮಾಡಿದರೆ ಬಳೆ ಒಡೆದು ರಕ್ತ ಬರುತ್ತದೆ, ಮಂಗಳಕಾರ್ಯದ ಮನೆಯಲ್ಲಿ ಅದೊಂದು ರಗಳೆ. ಅಮೀರ್ಬೀ ಆ ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಹೆಬ್ಬೆರಳಿನ ಬುಡ ಮೆಲ್ಲಗೆ ಒತ್ತುತ್ತ, "ಕೈ ಸಡ್ಲ ಬಿಡವ್ವಾ," ಅನ್ನುತ್ತಿದ್ದಳು. ಅಷ್ಟೇ. ಕೈ ಮೆತ್ತಗಾಗುತ್ತಿತ್ತು, ಹಸಿರು ಬಳೆ ಜಾರಿ ಮಣಿಕಟ್ಟಿಗೆ ಇಳಿಯುತ್ತಿತ್ತು. ಮನೆಯಲ್ಲಿ ಅವರದು ಉರ್ದು. ಈ ಒಂದು ಮಾತು ಮಾತ್ರ ಆಕೆಯ ಬಾಯಲ್ಲಿ ಯಾವಾಗಲೂ ಕನ್ನಡವೇ.

ಬಳೆಯ ಪೆಟ್ಟಿಗೆ ಹೊರುತ್ತಿದ್ದವನು ಗಂಡ ಅಲ್ಲಾವುದ್ದೀನ. ಹೆಂಗಸರ ಮಧ್ಯೆ ಗಂಡಸಿಗೇನು ಕೆಲಸ? ಪೆಟ್ಟಿಗೆ ಇಳಿಸಿ, ಹೊಸ್ತಿಲ ಆಚೆ ಬೆನ್ನು ತಿರುಗಿಸಿ ಕೂಡುತ್ತಿದ್ದ. ಹೀಗಾಗಿ ಮೂವತ್ತು ವರ್ಷ ಹೆಂಡತಿಯ ಕೆಲಸವನ್ನು ಅವನು ನೋಡಿದ್ದೇ ಇಲ್ಲ, ಬರೀ ಕೇಳಿದ್ದ.

ಆಮೇಲೆ ಅವನ ಕಣ್ಣು ಹೋದವು. ನರ ಒಣಗಿದೆ, ಇನ್ನು ಆಪರೇಷನ್ ಮಾಡಿ ಉಪಯೋಗವಿಲ್ಲ ಎಂದರು ಗುಲಬರ್ಗಾದ ಡಾಕ್ಟರು. ಬೆಳಕು, ನೆರಳು ಇಷ್ಟು ತಿಳಿಯುತ್ತಿತ್ತು. ಅಂದಿನಿಂದ ಅವನು ಕೈಗೆ ಸಿಕ್ಕಿದ್ದನ್ನು ಬಿಡಲಾರದ ಹಾಗೆ ಹಿಡಿಯತೊಡಗಿದ. ಚಹಾದ ಕಪ್ಪು, ಕೋಲು, ಹೆಂಡತಿಯ ಸೆರಗು, ಎಲ್ಲವನ್ನೂ. ಎರಡು ಸಾವಿರದ ನಾಲ್ಕರಲ್ಲಿ ಅಳಿಯ ತಾಹಿರ್ ಒಂದು ಮೊಬೈಲು ತಂದುಕೊಟ್ಟಾಗ ಅದನ್ನೂ ಹಾಗೆಯೇ ಹಿಡಿದ. ಮುಷ್ಟಿಯ ಹೊರಗೆ ಮೊಬೈಲಿನ ಚೂರೂ ಕಾಣುತ್ತಿರಲಿಲ್ಲ.

"ಮಾವಾ, ಅದರ ಬೆನ್ನಿಗೆ ಮ್ಯಾಲಿನ ಕಡೆ ಏರಿಯಲ್ ಇರ್ತದ," ಅಂದ ತಾಹಿರ್. "ಅಂಗೈಲೆ ಮುಚ್ಚಿದ್ರ ಸಿಗ್ನಲ್ ಎಲ್ಲಿಂದ ಬರಬೇಕು? ಕೆಳಗ ಎರಡು ಬಟ್ಟಿನಾಗ ಹಿಡೀರಿ," ಎಂದು ಅವನ ಎರಡು ಬೆರಳು ಮುಟ್ಟಿ ತೋರಿಸಿದ.

"ಬಿದ್ರ?"

"ಬಿದ್ರ ಬೀಳ್ತದ, ಏನಾಗ್ತದ!"

ಅಲ್ಲಾವುದ್ದೀನ ತಲೆಯಾಡಿಸಿದ, ಮತ್ತೆ ಮುಷ್ಟಿ ಬಿಗಿದ. ಊರಲ್ಲಿ ಹೇಗೋ ನಡೆಯುತ್ತಿತ್ತು. ಟವರ್ ದೂರವಾದರೆ ಮಾತ್ರ ಎರಡು ಮಾತಿಗೇ ಫೋನು ಕಟ್ಟಾಗುತ್ತಿತ್ತು. "ನಮ್ಮ ಮಾವನ ಕೈ ಸಿಗ್ನಲ್ ತಿಂತದ," ಎಂದು ತಾಹಿರ್ ಎಲ್ಲರ ಮುಂದೆ ನಗುತ್ತಿದ್ದ. ಅಮೀರ್ಬೀಯೂ ನಕ್ಕಿದ್ದಳು.

ಅವತ್ತು ಕುರಕುಂಟಾದಲ್ಲಿ ಮದುವೆ ಮನೆಯ ಬಳೆ ಮುಗಿಸಿ, ಹೊತ್ತು ಇಳಿಯುವಾಗ ಇಬ್ಬರೂ ವಾಡಿಯಲ್ಲಿ ಇಳಿದರು. ಶಹಾಬಾದಿಗೆ ಇಲ್ಲಿ ಗಾಡಿ ಬದಲಿಸಬೇಕು. ಆ ಗಾಡಿ ಯಾವಾಗಲೂ ಎದುರಿನ ಬದಿಗೇ ನಿಂತಿರುತ್ತಿತ್ತು. ಅವತ್ತೂ ಒಂದು ಗಾಡಿ ನಿಂತಿತ್ತು. ಅಮೀರ್ಬೀ ಬೋರ್ಡು ಓದಿದವಳಲ್ಲ, ಯಾರನ್ನೂ ಕೇಳಲೂ ಇಲ್ಲ. ಗಂಡನನ್ನು ಬಾಗಿಲ ಪಕ್ಕದ ಸೀಟಿನಲ್ಲಿ ಕೂಡಿಸಿ, ಬೆಂಚಿನ ಮೇಲೆ ಉಳಿದ ಎರಡನೇ ಪೆಟ್ಟಿಗೆ ತರಲು ಇಳಿದಳು. ಪೆಟ್ಟಿಗೆ ಎತ್ತುವಷ್ಟರಲ್ಲಿ ಗಾಡಿ ಹೊರಟೇಬಿಟ್ಟಿತು.

"ಹೋಗ್ಲಿ ಬಿಡು," ಅಂದುಕೊಂಡಳು ಏದುಸಿರು ಬಿಡುತ್ತ. ಅವನಿಗೆ ರೂಢಿ ಇತ್ತು. ವಾಡಿ ಬಿಟ್ಟ ಮೇಲೆ ಗಾಡಿ ಮೊದಲು ಎಲ್ಲಿ ನಿಲ್ಲುತ್ತದೋ ಅಲ್ಲಿ ಇಳಿಯಬೇಕು, ಅದೇ ಶಹಾಬಾದ. ಹಿಂದೆಯೂ ಒಬ್ಬನೇ ಹಾಗೆ ಹೋಗಿದ್ದ.

ಪ್ಲಾಟ್‌ಫಾರ್ಮಿನ ಎಸ್‌ಟಿಡಿ ಅಂಗಡಿಯ ಭಗವಂತ ತಲೆ ಹೊರಗೆ ಹಾಕಿದ. "ಚಾಚಿ, ಚಾಚಾ ಒಬ್ರೇ ಚಿತ್ತಾಪುರಕ್ಕ ಹೊಂಟ್ರೇನು?"

"ಚಿತ್ತಾಪುರ ಯಾಕಪ್ಪಾ? ಮನಿಗೆ ಹೊಂಟಾರ."

"ಅದು ಹೈದರಾಬಾದ್ ಕಡೀ ಗಾಡಿ ಅದ. ಶಹಾಬಾದಿಂದು ಇನ್ನೂ ಬಂದೇ ಇಲ್ಲ."

ಅಮೀರ್ಬೀಯ ಕೈಯಿಂದ ಪೆಟ್ಟಿಗೆ ಜಾರಿತು. ಬಳೆಗಳು ಒಡೆದ ಸದ್ದು ಆಕೆಯ ಕಿವಿಗೆ ಬೀಳಲೇ ಇಲ್ಲ. ಆಕೆಯ ಕಣ್ಣ ಮುಂದೆ ಬಂದದ್ದು ಚಿತ್ತಾಪುರದ ಔಟರ್. ಸ್ಟೇಷನ್ನು ಇನ್ನೂ ದೂರವಿರುವಾಗಲೇ, ಸಿಗ್ನಲ್ ಬೀಳುವ ತನಕ, ಹೊಲಗಳ ನಡುವೆ ಎತ್ತರದ ಒಡ್ಡಿನ ಮೇಲೆ ಗಾಡಿ ಸುಮ್ಮನೆ ನಿಂತುಬಿಡುತ್ತದೆ. ಬೆಳಿಗ್ಗೆ ಹೋಗುವಾಗಲೂ ನಿಂತಿತ್ತು. ಪಕ್ಕದಲ್ಲೇ ಇನ್ನೊಂದು ಹಳಿ. ಅವನು ಶಹಾಬಾದ ಬಂತೆಂದು ಏಳುತ್ತಾನೆ. ತಡಕಾಡಿ ಬಾಗಿಲಿಗೆ ಬರುತ್ತಾನೆ. ಕಾಲು ಇಳಿಬಿಡುತ್ತಾನೆ.

"ಯಾ ಅಲ್ಲಾ! ಭಗವಂತಾ, ಫೋನ್ ಹಚ್ಚೋ! ಅವರು ನಡುವ ಇಳೀತಾರೋ!"

ನಂಬರನ್ನು ತಾಹಿರ್ ಪೆಟ್ಟಿಗೆಯ ಮುಚ್ಚಳದ ಮೇಲೆ ಬಣ್ಣದಲ್ಲಿ ಬರೆದಿದ್ದ. ಭಗವಂತ ಅದನ್ನು ನೋಡಿ ಹಚ್ಚಿ, ರಿಸೀವರ್ ಆಕೆಯ ಕೈಗೆ ಕೊಟ್ಟ.

"ಹಲೋ?" ಅಂದ ಅಲ್ಲಾವುದ್ದೀನ. ಹಿಂದೆ ಗಾಲಿಗಳ ಸದ್ದು.

"ಏನ್ರೀ, ನಾನು, ನಂದೇ ತಪ್ಪಾಗ್ಯದ, ನಾ ಪೆಟಗಿ ತರ್ಲಿಕ್ಕೆ ಇಳ್ದಿದ್ದೆ, ಆ ಗಾಡಿ..."

ಕಟ್ಟಾಯಿತು.

ಮತ್ತೆ ಹಚ್ಚಿದ. "ಹಲೋ, ಹಲೋ? ಏನೂ ಕೇಳಸವಲ್ದು, ಜೋರ್..." ಮತ್ತೆ ಕಟ್ಟು.

"ನಡುವ ಟವರ್ ಇಲ್ಲ ಚಾಚಿ," ಅಂದ ಭಗವಂತ. "ತಡೀರಿ, ನಾ ಸ್ಟೇಷನ್ ಮಾಸ್ತರಿಗೆ ಹೇಳಿ ಚಿತ್ತಾಪುರಕ್ಕ ಸುದ್ದಿ ಮುಟ್ಟಸ್ತೀನಿ. ನೀವು ಈ ರೀಡಯಲ್ ಬಟನ್ ಒತ್ತಿ ಒತ್ತಿ ಹಚ್ಕೋತ ಇರ್ರಿ." ಓಡಿಯೇ ಹೋದ. ಒಳ್ಳೆಯ ಮನುಷ್ಯ, ಆದರೆ ಚಿತ್ತಾಪುರದವರು ನೋಡುವುದು ಚಿತ್ತಾಪುರದಲ್ಲಿ. ಔಟರ್ ಅದಕ್ಕಿಂತ ಮೊದಲೇ ಬರುತ್ತದೆ.

ಅಮೀರ್ಬೀ ಬಟನ್ ಒತ್ತಿದಳು. ರಿಂಗಾಯಿತು. ಎತ್ತಿದ. ಈ ಸಲ ಗಾಲಿಗಳ ಸದ್ದು ನಿಧಾನವಾಗುತ್ತಿತ್ತು. ಬ್ರೇಕು ಕಿರ್ರೆಂದಿತು. ಆಮೇಲೆ ಸದ್ದೇ ಇಲ್ಲ.

"ಅಮೀರ್? ಶಹಾಬಾದ ಬಂತು ನೋಡು, ನಾ ಇಳೀಲಿಕತ್ತೀ..."

ಕಟ್ಟಾಯಿತು.

ಆಕೆ ಕಿರುಚಿದಳು. ಯಾರು ಯಾರೋ ತಿರುಗಿ ನೋಡಿದರು. ಮತ್ತೆ ಬಟನ್ ಒತ್ತಿದಳು. ಎತ್ತುತ್ತಾನೋ ಇಲ್ಲವೋ, ಎತ್ತುವುದಕ್ಕೆ ಇದ್ದಾನೋ ಇಲ್ಲವೋ. ಆ ರಿಂಗು ಹೊಡೆದುಕೊಳ್ಳುತ್ತಿರುವಾಗ ಆಕೆಗೆ ಬೇರೇನೂ ಕಾಣಲಿಲ್ಲ, ಆ ಮುಷ್ಟಿಯೊಂದೇ ಕಂಡಿತು. ಕೇಳಿಸದಷ್ಟೂ ಬಿಗಿಯುವ ಮುಷ್ಟಿ. ಎಷ್ಟು ಮದುವಣಗಿತ್ತಿಯರದು ನೋಡಿದ್ದಳು ಅಂಥದ್ದು! "ಹಲೋ" ಎಂದು ಅವನ ಧ್ವನಿ ಬಂದದ್ದೇ ತಡ, ಬಾಯಿ ತಾನಾಗಿಯೇ ಆ ಕನ್ನಡದ ಮಾತು ಆಡಿತು.

"ಕೈ ಸಡ್ಲ ಬಿಡ್ರಿ!"

ಆ ಕಡೆ ಮಾತಿಲ್ಲ. ಕಟ್ಟೂ ಆಗಲಿಲ್ಲ. ಆಗ ಆಕೆಗೆ ಹೊಳೆಯಿತು, ಅವನ ಇನ್ನೊಂದು ಕೈ ಬಾಗಿಲಿನ ಕಂಬಿ ಹಿಡಿದಿರಬಹುದು. ಯಾವ ಕೈ ಬಿಟ್ಟ? ಯಾ ಅಲ್ಲಾ, ನಾನೇ ಬೀಳಿಸಿದೆನೆ?

"ಹೇಳು," ಅಂದ ಅಲ್ಲಾವುದ್ದೀನ. ಪಕ್ಕದಲ್ಲೇ ಕೂತು ಆಡಿದ ಹಾಗೆ ಸ್ವಚ್ಛ ಕೇಳಿಸಿತು. "ಕೆಳಗ ಎರಡು ಬಟ್ಟಿನಾಗ ಹಿಡ್ದೀನಿ. ಹೇಳು."

"ಎಲ್ಲಿ ನಿಂತೀರಿ?"

"ಬಾಗಲದಾಗ. ಒಂದು ಕಾಲು ಕೆಳಗಿನ ಪಾವಟಿಗಿ ಮ್ಯಾಲ ಅದ. ಪ್ಲಾಟ್‌ಫಾರ್ಮ್ ಕಾಲಿಗೆ ಹತ್ತವಲ್ದು, ಜಿಗೀಬೇಕಂತ..."

"ಕಾಲು ಮ್ಯಾಲ ತಗೀರಿ! ಈಗಿಂದೀಗ! ಒಳಗ ಹೋಗಿ ಕುಂದ್ರಿ. ಯಾರರ ಬಂದು ಕೈ ಹಿಡಿಯೋ ತನಕ ಏಳಬ್ಯಾಡ್ರಿ."

ಅವನು ಉಸಿರೆಳೆದುಕೊಂಡದ್ದು ಕೇಳಿಸಿತು, ಚಪ್ಪಲಿ ಉಜ್ಜಿದ್ದು ಕೇಳಿಸಿತು. ಅಷ್ಟರಲ್ಲಿ ಫೋನಿನೊಳಗೆ ಒಂದು ಹಾರ್ನು. ಆಮೇಲೆ ಧಡಧಡ, ಧಡಧಡ, ಮುಗಿಯುವುದೇ ಇಲ್ಲವೇನೋ ಎಂಬಂತೆ ಪಕ್ಕದ ಹಳಿಯ ಮೇಲೆ ಗೂಡ್ಸು ಗಾಡಿ. ಅಮೀರ್ಬೀ ರಿಸೀವರ್ ಕಿವಿಗೆ ಒತ್ತಿಕೊಂಡು, ಕಣ್ಣು ಮುಚ್ಚಿ, ಆ ಡಬ್ಬಿಗಳೆಲ್ಲ ತನ್ನ ಎದೆಯ ಮೇಲೆಯೇ ಹೋಗುತ್ತಿವೆ ಎಂಬಂತೆ ನಿಂತಳು. ಕಡೆಯ ಡಬ್ಬಿ ಹೋಯಿತು. ಎಲ್ಲ ತಣ್ಣಗಾಯಿತು.

"ಅಮೀರ್," ಅಂದ ಅವನು, ಸಣ್ಣ ಧ್ವನಿಯಲ್ಲಿ. "ಇದು ಶಹಾಬಾದ ಅಲ್ಲ."

ಭಗವಂತ ಜೀಪು ಮಾಡಿಕೊಟ್ಟ. ಆಕೆ ಚಿತ್ತಾಪುರ ಮುಟ್ಟುವ ಹೊತ್ತಿಗೆ ದೀಪ ಹತ್ತಿದ್ದವು. ಸ್ಟೇಷನ್ನಿನವರು ಅವನನ್ನು ಇಳಿಸಿಕೊಂಡು ಬೆಂಚಿನ ಮೇಲೆ ಕೂಡಿಸಿ, ಚಹಾ ಕೊಟ್ಟಿದ್ದರು. ಚಹಾ ಆರಿಹೋಗಿತ್ತು. ಅವನು ಮೊಬೈಲನ್ನು ಇನ್ನೂ ಕಿವಿಯ ಹತ್ತಿರವೇ ಹಿಡಿದಿದ್ದ, ಕೆಳತುದಿಗೆ, ಹೆಬ್ಬೆರಳು ಮತ್ತು ಎರಡು ಬೆರಳಿನಲ್ಲಿ, ಹೂವು ಹಿಡಿದಂತೆ. ತೋಳು ಗಡಗಡ ನಡುಗುತ್ತಿತ್ತು. ಇಳಿಸಿದರೆ ಹೆಂಡತಿಯ ಮಾತು ಮತ್ತೆ ಸಿಗಲಿಕ್ಕಿಲ್ಲವೆಂದು ಇಳಿಸಿಯೇ ಇರಲಿಲ್ಲ.

ಅಮೀರ್ಬೀ ಹೋಗಿ ಅವನ ಮಣಿಕಟ್ಟು ಹಿಡಿದು, ಪಕ್ಕದಲ್ಲಿ ಕುಸಿದು ಕೂತು, ಎಲ್ಲರ ಮುಂದೆ ಹೋ ಎಂದು ಅತ್ತಳು. ಆಮೇಲೆ ಅವನು ಕನ್ನಡದಲ್ಲಿ, ಹೊಸ್ತಿಲ ಆಚೆ ಕೂತು ಇಷ್ಟು ವರ್ಷ ಕೇಳಿದ ಅದೇ ಧಾಟಿಯಲ್ಲಿ ಹೇಳಿದ:

"ನೋವಾಗ್ಲಿಕತ್ತದ. ಕೈ ಸಡ್ಲ ಬಿಡವ್ವಾ."

ಆಕೆ ಬಿಡಲಿಲ್ಲ. ಮನೆ ಮುಟ್ಟುವ ತನಕ ಬಿಡಲಿಲ್ಲ. ಅವನ ಮಣಿಕಟ್ಟಿನ ಮೇಲೆ ಆಕೆಯ ಐದೂ ಬೆರಳಿನ ಗುರುತು ಮರುದಿನವೂ ಹಾಗೆಯೇ ಇತ್ತು.